ಹೆಂಡತಿಯ ಅಧ್ಯಾಯ

ಹಿಂದಿನಿಂದ ಬೀಗ ತಿರುಗಿದ ಸದ್ದು ಕೇಳಿ ಅವಳು ಸರ್ರನೆ ತಿರುಗಿದಳು.

ಕಾದಂಬರಿಕಾರ ತನ್ನ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಬೀಗದಕೈ ಅವನ ಮುಷ್ಟಿಯಲ್ಲಿತ್ತು.

"ಯಾಕೆ ಬೀಗ ಹಾಕಿದ್ರಿ?"

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಮುಂದಿನ ತಿಂಗಳು ತನ್ನ ಕೈ ಹಿಡಿಯಬೇಕಾದವನ ನೋಟ ಅದಾಗಿರಲಿಲ್ಲ. ಬೇರೆ ಯಾರೋ ಅವನ ಕಣ್ಣೊಳಗಿಂದ ಇಣುಕುತ್ತಿದ್ದರು.

"ಬಾಗಿಲು ತೆಗೀರಿ."

ಅವನು ಬೀಗದಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಅವಳ ಅಪ್ಪನೂ ಹೀಗೇ ನಿಲ್ಲುತ್ತಿದ್ದ. ದಿನಾ ಅಮ್ಮನನ್ನು ಒಳಗಿಟ್ಟು ಬೀಗ ಹಾಕಿ, ಬೀಗದಕೈ ಜೇಬಿಗಿಳಿಸಿ ಕೆಲಸಕ್ಕೆ ಹೋಗುತ್ತಿದ್ದ. ಊರವರ ಬಾಯಲ್ಲಿ ಮಾತ್ರ ಅವನು ದೇವರಂಥ ಮನುಷ್ಯ. ಈ ವಿಷಯವನ್ನು ಅವಳು ಹೊರಗಿನವರ ಹತ್ತಿರ ಬಾಯಿಬಿಟ್ಟಿರಲಿಲ್ಲ. ಇವನ ಹತ್ತಿರವೂ.

"ದಯವಿಟ್ಟು..."

ಆ ದನಿಗೆ ಅವನು ಬೆಚ್ಚಿಬಿದ್ದು ಬಾಗಿಲು ತೆರೆದ. "ತಪ್ಪು ತಿಳ್ಕೋಬೇಡ, ಇದು ಕಾದಂಬರಿಗೋಸ್ಕರ..."

ಅವಳು ಆಗಲೇ ಮೆಟ್ಟಿಲಿಳಿದು ಓಡಿದ್ದಳು.

ತಾನು ಮಾಡಿ ನೋಡದೇ ಇದ್ದುದನ್ನು ಅವನು ಬರೆಯುತ್ತಿರಲಿಲ್ಲ. ಕಳ್ಳನ ಕಥೆಗಾಗಿ ತನ್ನದೇ ಅಡುಗೆಮನೆಯ ಕಿಟಕಿ ಹತ್ತಿ, ಪಕ್ಕದ ಮನೆಯವರಿಂದ ಒದೆ ತಿನ್ನುವುದರಿಂದ ಸ್ವಲ್ಪದರಲ್ಲೇ ಪಾರಾಗಿದ್ದ ಮಹಾಶಯ! ಅವನ ಪುಸ್ತಕಗಳನ್ನು ಹೊರತರುವ ಪ್ರಕಾಶನದಲ್ಲಿ ಕರಡು ತಿದ್ದುವ ಅವಳು ಅದನ್ನು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಪ್ರೀತಿ ಶುರುವಾಗಿದ್ದೇ ಆ ನಗುವಿನಿಂದ.

"ಕೆಟ್ಟವನನ್ನ ಬೈಯೋಕೆ ನಾಲಿಗೆ ಸಾಕು. ಅವನ ಜಾಗದಲ್ಲಿ ನಿಂತು ನೋಡೋಕೆ ಧೈರ್ಯ ಬೇಕು. ಅದೂ ಒಂದು ಧರ್ಮವೇ," ಎನ್ನುತ್ತಿದ್ದ ಅವನು.

ಮರುದಿನ ಹೊಸ ಅಧ್ಯಾಯ ಅವಳ ಮೇಜಿಗೆ ಬಂತು. ಹೆಂಡತಿಯನ್ನು ಕೂಡಿಹಾಕುವ ಗಂಡನೊಬ್ಬನ ಕಥೆ. ಬೀಗದಕೈ ಅಂಗೈಗೆ ತಣ್ಣಗೆ ತಗಲುವಾಗ ಅವನಿಗಾಗುವ ಸುಖ, ಅವಳ ನಡುಕ ನೋಡುವಾಗಿನ ನೆಮ್ಮದಿ... ಓದುತ್ತ ಅವಳು ಪೆನ್ನು ಕೆಳಗಿಟ್ಟಳು.

'ಇಷ್ಟೆಲ್ಲ ಗೊತ್ತಿರಬೇಕಾದರೆ ಇವನೂ ಅಂಥವನೇ ಅಲ್ಲವೇ?'

ಮನೆಯಲ್ಲಿ ಇದನ್ನು ಕೇಳಿ ಚಿಕ್ಕಮ್ಮ, ಅಮ್ಮನ ತಂಗಿ, ನಕ್ಕುಬಿಟ್ಟಳು. "ಹಾವಿನ ಬಗ್ಗೆ ಬರೆದವರೆಲ್ಲ ಕಚ್ಚೋ ಹಾಗಿದ್ರೆ ಮುಗೀತು ಕಣೇ."

"ಮದುವೆಗೆ ಮುಂಚೆ ಅಪ್ಪನೂ ಒಳ್ಳೆಯವನೇ ಆಗಿದ್ದ ಅಂತ ನೀನೇ ಹೇಳಿದ್ದೆ."

ಚಿಕ್ಕಮ್ಮನ ನಗು ಅಲ್ಲಿಗೇ ನಿಂತಿತು. "ಹೌದು. ಆಗ ನಾವ್ಯಾರೂ ಅವನನ್ನ ಏನೂ ಕೇಳ್ಲಿಲ್ಲ. ನೀನು ಕೇಳು. ಉತ್ತರ ಮನಸ್ಸಿಗೆ ಬರದಿದ್ರೆ ಮದುವೆ ಬೇಡ, ನಾನಿದ್ದೀನಿ."

ಮಾರನೆಯ ಮಧ್ಯಾಹ್ನ ಅವನೇ ಕರಡು ಕೋಣೆಗೆ ಬಂದ. ಅವಳು ಎದ್ದು, ಮೇಜನ್ನು ನಡುವೆ ಇಟ್ಟುಕೊಂಡೇ ನಿಂತಳು.

"ಆ ಗಂಡ ನಿಮ್ಮೊಳಗೆ ಇದ್ದಾನಾ?"

ಇಲ್ಲ ಎಂದರೆ ಅವಳು ನಂಬುವವಳಲ್ಲ. ಹೌದು ಎಂದರೆ ಇವನ ಜೊತೆ ಬಾಳುವುದು ಹೇಗೆ?

ಅವನು ತಲೆ ತಗ್ಗಿಸಿದ. "ಬೀಗ ಹಾಕಿದಾಗ ಒಂದು ಕ್ಷಣ ಹಿತ ಅನ್ನಿಸ್ತು. ಆಮೇಲೆ ನಿನ್ನ ಮುಖ ನೋಡಿ ನನ್ನ ಮೇಲೆ ನನಗೇ ಹೆದರಿಕೆ ಆಯ್ತು... ಇದ್ದಾನೆ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಆದರೆ ಈ ಒಂದು ಮಾತನ್ನು ಅಪ್ಪ ಸಾಯುವವರೆಗೂ ಹೇಳಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳದೆ ಪಾತ್ರ ಮಾಡ್ಕೊಂಡ್ರಿ."

"ತಪ್ಪು ಮಾಡಿದೆ."

"ಅಧ್ಯಾಯದ ತುಂಬ ಆ ಹೆಂಡತಿ ಬರೀ ನಡುಗ್ತಾಳೆ. ಏನು ಯೋಚಿಸ್ತಾಳೆ ಅಂತ ಒಂದು ಸಾಲೂ ಇಲ್ಲ. ಕೆಟ್ಟವನ ಜಾಗದಲ್ಲಿ ನಿಲ್ಲೋ ಧೈರ್ಯ ಬಂತು, ಅವಳ ಜಾಗದಲ್ಲಿ ಯಾಕೆ ನಿಲ್ಲಲಿಲ್ಲ?"

ಅವನು ಕುರ್ಚಿಯಲ್ಲಿ ಕುಸಿದ. "ಊಹಿಸಿ ಬರೆದದ್ದೆಲ್ಲ ಸುಳ್ಳು ಅನ್ನಿಸ್ತು. ಕೇಳ್ಬೇಕಿತ್ತು. ಯಾರನ್ನ ಅಂತ ತಿಳೀಲಿಲ್ಲ."

"ನನ್ನನ್ನ."

ಅವಳು ಅಮ್ಮನ ಕಥೆ ಹೇಳಿದಳು. ಅಪ್ಪ ಹೊರಗಿನಿಂದ ಬೀಗ ಹಾಕಿದ ಕೂಡಲೇ ಅಮ್ಮ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಬಾಗಿಲು ಮುಚ್ಚಿದ್ದು ತಾನೇ ಎಂದು ಮನಸ್ಸಿಗೆ ಹೇಳಿಕೊಳ್ಳಲು... ಸಂಜೆ ಅಪ್ಪ ಬರುವ ಮೊದಲು ಸದ್ದಿಲ್ಲದೆ ತೆಗೆದಿಡುತ್ತಿದ್ದಳು.

ಕಾದಂಬರಿಕಾರ ಪೆನ್ನು ಮುಟ್ಟಲಿಲ್ಲ. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಈ ಕಾದಂಬರಿ ನಿಲ್ಲಿಸ್ತೀನಿ."

"ಬೇಡ. ಅಮ್ಮನ ಮಾತು ಯಾರಾದ್ರೂ ಬರೀಬೇಕು. ಆದ್ರೆ ಊಹಿಸೋಕೆ ಮುಂಚೆ ಕೇಳಿ."

"ಬದುಕಿರೋವರೆಗೂ ಕೇಳ್ತೀನಿ." ಅವನು ತಡವರಿಸಿದ. "ಈಗ ಒಂದು ಕೇಳ್ಲಾ? ನನ್ನ ಕಂಡ್ರೆ ಇನ್ನೂ ಭಯ ಇದ್ಯಾ?"

"ಇದೆ."

ಅವನು ಎದ್ದು ನಿಂತ. "ಹಾಗಾದ್ರೆ ಹೊರಗೆ ಕಾಯ್ತೀನಿ. ಎಷ್ಟು ದಿನ ಆದ್ರೂ ಸರಿ."

ಅವಳು ತಾನಾಗಿಯೇ ಮೇಜು ಸುತ್ತಿ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಹೊರಗೆ ಬೇಡ... ಭಯ ಹೋಗೋವರೆಗೂ ಇಲ್ಲೇ, ನನ್ನ ಪಕ್ಕದಲ್ಲೇ ಕೂತಿರಿ."