ಹಾಲಿನ ಚೀಟಿ ಬರೆಯದ ಸೂಲಗಿತ್ತಿ

೧೯೪೩ರ ಫೆಬ್ರವರಿ ೧೮, ಗುರುವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಫ್ರಾನ್ಸ್ ಗಡಿಗೆ ಅಂಟಿಕೊಂಡ ಸ್ವಿಸ್ ಊರು ಮೊಂತ್ರುಸ್‌ನ ಪೊಲೀಸ್ ಠಾಣೆಗೆ ದೂರೊಂದು ಬಂತು. ಬರೆದವರು ನಿರಾಶ್ರಿತರ ಶಿಬಿರದ ವೈದ್ಯರು. ನವೆಂಬರಿನಲ್ಲಿ ಗಡಿ ದಾಟಿ ಬಂದ ನಾಲ್ವರು ಯೆಹೂದಿ ಹೆಂಗಸರ ಬಳಿ ನಾಲ್ಕು ತಿಂಗಳ ಬಸುರಿಯರೆಂಬ ಪ್ರಮಾಣಪತ್ರವಿತ್ತು. ಈಗ ಏಳು ತುಂಬಿರಬೇಕು. ನಾಲ್ವರ ಹೊಟ್ಟೆಯೂ ಚಪ್ಪಟೆ! ಪತ್ರಗಳಿಗೆಲ್ಲ ಊರಿನ ಸೂಲಗಿತ್ತಿ ಹೊರ್ತೆನ್ಸ್ ಬುವೆಯ ಸಹಿಯಿತ್ತು.

ಇನ್ಸ್‌ಪೆಕ್ಟರ್ ಎಮಿಲ್ ಶೊಫಾ ಎಫ್‌ಐಆರ್ ದಾಖಲಿಸಿದ. ಯೆಹೂದಿಯೆಂಬ ಕಾರಣಕ್ಕೆ ಓಡಿಬಂದವರು ನಿರಾಶ್ರಿತರೇ ಅಲ್ಲ, ವಾಪಸು ಕಳಿಸಿ ಎಂದು ಸರ್ಕಾರದ ಆಜ್ಞೆ. ಬಸುರಿಯರು, ಕಾಯಿಲೆಯವರು, ಮುದುಕರಂಥ ಕೆಲವರಿಗಷ್ಟೇ ವಿನಾಯಿತಿ. ಗಡಿಯಾಚೆ ಜರ್ಮನರಿದ್ದರು. ಮೋಸದಲ್ಲಿ ಆ ಹೆಂಗಸರೂ ಶಾಮೀಲೆಂದು ಸಾಬೀತಾದರೆ ನಾಲ್ವರನ್ನೂ ಅವರ ಕೈಗೇ ಒಪ್ಪಿಸಿದಂತೆ. ಇಂಥ ತನಿಖೆ ಯಾರಿಗೆ ಬೇಕಿತ್ತು!

"ನಾನು ಹುಟ್ಟಿದಾಗ ಹೆರಿಗೆ ಮಾಡ್ಸಿದ್ದೂ ಆಯಮ್ಮನೇ ಸಾರ್. ಲೆಕ್ಕ ತಪ್ಪಿರ್ಬೇಕು ಅಷ್ಟೆ," ಎಂದ ಕಾನ್ಸ್‌ಟೇಬಲ್ ಪೆರ್ರಾ.

"ನಾಲ್ಕು ಸಲಾನೂ ತಪ್ಪುತ್ತೇನಯ್ಯಾ?"

ಹನ್ನೊಂದು ಗಂಟೆಗೆ ಶೊಫಾ ಪಂಚಾಯಿತಿ ಕಚೇರಿಯ ರೇಷನ್ ಕಡತ ತೆಗೆಸಿದ. ಸೂಲಗಿತ್ತಿ ಬಸುರಿನ ಪತ್ರ ಬರೆದರೆ ಅದರ ಜೊತೆಗೇ ಹೆಚ್ಚುವರಿ ಹಾಲಿನ ಚೀಟಿಯನ್ನೂ ಬರೆಯುವುದು ಊರಿನ ವಾಡಿಕೆ. ನವೆಂಬರಿನಲ್ಲಿ ಪತ್ರಗಳು ಆರು, ಚೀಟಿಗಳು ಎರಡೇ. ಆ ಎರಡೂ ಊರಿನ ಬಸುರಿಯರವು.

ಎರಡೂವರೆಗೆ ಇಬ್ಬರೂ ಅವಳ ಮನೆಗೆ ಹೋದರು. ಹೊರ್ತೆನ್ಸ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಬೂಟು ಒರೆಸ್ಕೊಂಡು ಬಾರೋ ಪೆರ್ರಾ. ಹುಟ್ಟೋವಾಗ್ಲೂ ಕಾಲು ಮುಂದೆ ಹಾಕ್ಕೊಂಡೇ ಬಂದೋನು ನೀನು."

ಪೆರ್ರಾ ಬಾಗಿಲಿಗೆ ವಾಪಸು ಹೋಗಿ ಬೂಟು ಒರೆಸಿಕೊಂಡ.

"ನಾಲ್ಕು ಹಾಲಿನ ಚೀಟಿ ಯಾಕೆ ಬರೀಲಿಲ್ಲ?" ಶೊಫಾ ಕೇಳಿದ.

ಅವಳ ಚಾಕು ನಿಂತಿತು. "ಅಯ್ಯೋ, ಇಲ್ಲದ ಮಕ್ಕಳ ಹೆಸರಲ್ಲಿ ಇರೋ ಮಕ್ಕಳ ಹಾಲು ಕಿತ್ಕೊಳ್ಳಲಾ? ಸುಳ್ಳಿಗೂ ಒಂದು ಮಿತಿ ಬೇಡ್ವಾ?"

"ಸುಳ್ಳು ಅಂತ ಒಪ್ಕೋತೀರಾ?"

"ಹೂಂ."

"ಆ ಹೆಂಗಸರಿಗೆ ಗೊತ್ತಿತ್ತಾ?"

ಅವಳು ಅವನನ್ನೇ ನೋಡಿದಳು. "ಅವರಿಗೆ ಫ್ರೆಂಚ್ ಓದೋಕೆ ಬರಲ್ಲ. ಬರೆದೋಳು ನಾನು, ಮೋಸ ನಂದು. ಹಂಗೇ ಬರ್ಕೊಳ್ಳಿ."

ನಾಲ್ವರಲ್ಲಿ ಒಬ್ಬಳು ಫ್ರೆಂಚ್ ಪಾಠ ಹೇಳುತ್ತಿದ್ದವಳೆಂದು ದೂರಿನಲ್ಲೇ ಇತ್ತು. ಶೊಫಾ ಅದನ್ನು ಎರಡು ಸಲ ಓದಿದ್ದ. ಆದರೂ ಅವಳು ಹೇಳಿದಂತೆಯೇ ಬರೆದುಕೊಂಡು ಸಹಿ ಹಾಕಿಸಿದ.

"ಇನ್ನು ಅವರನ್ನ ಮುಟ್ಟಲ್ವಲ್ಲ?"

"ಈ ಹೇಳಿಕೆ ಇದ್ರೆ ಮುಟ್ಟೋಕಾಗಲ್ಲ. ನಿಮ್ಮನ್ನ ಮಾತ್ರ ಕರ್ಕೊಂಡು ಹೋಗ್ಬೇಕು."

"ಇರಿ, ಕೋಟು ಹಾಕ್ಕೋತೀನಿ."

ಪಂಚನಾಮೆಗೆಂದು ಪೆರ್ರಾ ಅವಳ ಚೀಲ ಬಿಚ್ಚಿದ. ಕತ್ತರಿ, ಮೊಹರು, ದಿನಚರಿ. ದಿನಚರಿಯೊಳಗೆ ಮಡಿಸಿಟ್ಟ ಇನ್ನೊಂದು ಬಸುರಿನ ಪತ್ರ. ತಾರೀಖು ಅಕ್ಟೋಬರ್ ೯.

"ಇದೂ ಸುಳ್ಳಾ?" ಎಂದ ಶೊಫಾ.

"ಗಡಿ ದಾಟಿ ಬಂದೋರಿಗೆ ಬರೆದದ್ರಲ್ಲಿ ಅದೊಂದೇ ನಿಜ." ಹೊರ್ತೆನ್ಸ್ ಕೂತಳು. "ಮೂರು ತಿಂಗಳಾಗಿತ್ತು ಆ ಹುಡುಗಿಗೆ. ನಾನೇ ಗಡಿ ಚೌಕಿಗೆ ಕರ್ಕೊಂಡು ಹೋದೆ. ಬಾಯಿಮಾತು ನಡಿಯಲ್ಲ, ಕಾಗದ ತನ್ನಿ ಅಂದ್ರು. ಮನೆಗೆ ಬಂದು ನೀಟಾಗಿ ಬರೆದೆ. ಮೊಹರು ಒಣಗ್ಲಿ ಅಂತ ಕಾದೆ ಬೇರೆ! ವಾಪಸ್ ಹೋದಾಗ ಅವಳಿರ್ಲಿಲ್ಲ. ಆಮೇಲೆ ಯಾರು ಬಂದ್ರೂ ಮೊದಲು ಕಾಗದ ಬರೆದುಬಿಡ್ತಿದ್ದೆ."

ಪೆರ್ರಾ ಚೀಲ ಕೆಳಗಿಟ್ಟ. "ಅವತ್ತು ಚೌಕೀಲಿ ನಾನೇ ಇದ್ದೆ. ಅರ್ಧ ಗಂಟೆ ಕಾದೆ ಅಮ್ಮ. ಅಷ್ಟ್ರಲ್ಲಿ ವಾಪಸ್ ಕಳ್ಸೋ ಲಾರಿ ಬಂತು," ಎಂದ.

"ಗೊತ್ತು ಕಣೋ," ಎಂದಳು ಅವಳು.

ಮೂರು ಐವತ್ತಕ್ಕೆ ಅವಳನ್ನು ಬಂಧಿಸಲಾಯಿತು. ಪಂಚನಾಮೆಯ ಕೊನೆಯ ಸಾಲನ್ನು ಶೊಫಾ ತಾನೇ ಬರೆದ: ಪ್ರಮಾಣಪತ್ರ ಒಂದು. ನಿಜವಾದದ್ದು. ಬಳಕೆಯಾಗಿಲ್ಲ.