ಬಿಳಿ ಕರಡಿಯ ಕೊರಳಿನ ಸೀಲು

ಮೇ 12, ಮಂಗಳವಾರ, ಸಂಜೆ 4.25. ಮುಂಬಯಿಯ ವಿಕ್ರೋಳಿ ಪೂರ್ವದ ಪೊಲೀಸ್ ಠಾಣೆಯಲ್ಲಿದ್ದ ಮೂರು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು. ಇನ್ನೊಂದು ತಿರುಗುವ ಆ್ಯಕ್ಟಿಂಗ್ ಮಾಡುತ್ತಿತ್ತು. ಮೂರನೆಯದು ಎರಡು ವರ್ಷದಿಂದ ನಾಪತ್ತೆ. ಅದರ ಬಗ್ಗೆ ಇನ್ನೂ ಯಾರೂ ಎಫ್‌ಐಆರ್ ಹಾಕಿಸಿರಲಿಲ್ಲ.

ಒಳಗೆ ಬಂದ ಹೆಂಗಸಿಗೆ ಐವತ್ತರ ಆಸುಪಾಸು. ಬುರ್ಖಾ ಬೆವರಿಗೆ ಬೆನ್ನಿಗೆ ಅಂಟಿತ್ತು, ಕೈಯಲ್ಲಿ ಮಡಚಿದ ಕಾಗದವಿತ್ತು. ಹಿಂದಿಯಲ್ಲಿ ಶುರು ಮಾಡಿದಳು. ಎರಡನೇ ಮಾತಿಗೆ ಅಳು ಬಂತು, ಮೂರನೇ ಮಾತಿಗೆ ಕನ್ನಡ ಬಂತು.

“ನನ್ ಮಗಳನ್ನ ಕರಡಿ ಒಳಗ ಹಾಕಿ ಬೇಯಿಸ್ಯಾರ್ರೀ!”

ಮೂಲೆಯಲ್ಲಿ ಸಮನ್ಸ್ ಜೋಡಿಸುತ್ತಿದ್ದ ಕಾನ್‌ಸ್ಟೇಬಲ್ ಭೀಮರಾಯ ತಲೆ ಎತ್ತಿದ. ಅಕ್ಕಲಕೋಟೆಯವನು. ದಿನಕ್ಕೆ ಮೂರು ಪಂಚ್ ಡೈಲಾಗ್ ಹೊಡೆಯದಿದ್ದರೆ ಅನ್ನ ಜೀರ್ಣವಾಗದ ಜೀವ.

“ಅಮ್ಮೀ, ಮದ್ಲ ಕೂಡ್ರಿ, ನೀರ್ ಕುಡೀರಿ. ಈ ಠಾಣೇದಾಗ ಅಳೂದು ಯಾವ ಭಾಷಾದಾಗರ ಇರ್ಲಿ, ರಿಪೋರ್ಟ್ ಪಕ್ಕಾ ಬರಕೋತೀವಿ.”

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ವಿಜೇತಾ ಕೋಟ್ಯಾನ್ ಹೊರಬಂದಳು. ಉಡುಪಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಸಯನ್‌ನಲ್ಲಿ. ಅವಳ ಎಂಟ್ರಿಗೆ ಹಿನ್ನೆಲೆ ಸಂಗೀತವೇನೂ ಇರಲಿಲ್ಲ. ಕುರ್ಚಿ ಎಳೆದ ಸದ್ದು ಮಾತ್ರ.

“ಹೆಸರು?”

“ಅಮೀರುನ್ನೀಸಾ ರೀ. ವಡಾಲದಾಗ ಇರ್ತೀವಿ. ಮಗಳು ದಿಲನಾಜ, ಇಪ್ಪತ್ನಾಕು ವರ್ಷ.”

“ಏನು ಕೆಲಸ?”

“ಜಲ್ಸಾಪುರ ಪಾರ್ಕಿನಾಗ ಕರಡಿ ಆಗ್ತಾಳ್ರಿ.”

ಜಲ್ಸಾಪುರ ಎಂದರೆ ಖಾಡಿಯ ಹಿನ್ನೀರಿನ ಪಕ್ಕದ ಥೀಮ್ ಪಾರ್ಕ್. ಅಲ್ಲಿ ಕೂಲ್‌ಭಾಯ್ ಎಂಬ ವೇಷದ ಬಿಳಿ ಕರಡಿ ಎರಡು ಕಾಲಲ್ಲಿ ತಿರುಗಾಡುತ್ತ ಮಕ್ಕಳಿಗೆ ಕೈ ಕುಲುಕುತ್ತದೆ. ಬೇಸಿಗೆಯಲ್ಲಿ ಅದಕ್ಕೆ ವಿಶೇಷ ಡ್ಯೂಟಿ. ‘ನೆರಳಲ್ಲಿ ನಿಲ್ಲಿ, ನೀರು ಕುಡಿಯಿರಿ’ ಎಂಬ ಬೋರ್ಡ್ ಹಿಡಿದು ನೀರಿನ ಬಾಟಲಿ ಹಂಚುವುದು. ಆ ದಿನ ಹೊರಗೆ 38 ಡಿಗ್ರಿ. ಕರಡಿಯೊಳಗೆ ಎಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ. ಮಧ್ಯಾಹ್ನ 2.10ಕ್ಕೆ ಕರಡಿ ಬಿದ್ದಿತ್ತು. ದಿಲನಾಜ ಈಗ ಸರ್ಕಾರಿ ಆಸ್ಪತ್ರೆಯ ಐಸಿಯುನಲ್ಲಿ ಇದ್ದಳು. ಮೈ ನೂರಾ ಏಳು ಡಿಗ್ರಿ ಫ್ಯಾರನ್‌ಹೀಟಿಗೆ ಏರಿತ್ತು, ಪ್ರಜ್ಞೆ ಇರಲಿಲ್ಲ, ಕಿಡ್ನಿ ಕೈಕೊಡುವ ಲಕ್ಷಣವಿತ್ತು. ಬೆಳಗಾಗುವ ತನಕ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು.

“ಆ ಕಾಗದ ಎಂಥದು?”

“ಪಾರ್ಕಿನವರು ಆಸ್ಪತ್ರಿಗೆ ತಂದಿದ್ರು. ಸಹಿ ಹಾಕು, ಖರ್ಚು ನಾವು ನೋಡ್ಕೋತೀವಿ ಅಂದ್ರು. ನನಗ ಇಂಗ್ಲಿಷ್ ಬರೂದಿಲ್ಲ. ಓದಲಾರದ್ದಕ್ಕ ಸಹಿ ಹ್ಯಾಂಗ ಹಾಕ್ಲಿ?”

ವಿಜೇತಾ ಓದಿದಳು. ನಾಲ್ಕೇ ಸಾಲು. ‘ನನ್ನ ಮಗಳು ರೋಜಾ ಹಿಡಿದು, ನೀರು ಸಹ ಕುಡಿಯದೆ ಕೆಲಸಕ್ಕೆ ಬಂದಿದ್ದಳು. ಆದ್ದರಿಂದ ತಲೆ ತಿರುಗಿ ಬಿದ್ದಳು. ಪಾರ್ಕಿನ ತಪ್ಪೇನೂ ಇಲ್ಲ.’

“ಅಮ್ಮಾ, ನಿಮ್ಮ ಮಗಳು ಇವತ್ತು ಉಪವಾಸ ಇದ್ದಳಾ?”

ಅಮೀರುನ್ನೀಸಾಳ ಅಳು ಅಲ್ಲಿಗೇ ನಿಂತಿತು. “ಯಾವ ಉಪವಾಸ? ಈದ್ ಆಗಿ ಎರಡು ತಿಂಗಳಾಗ್ಲಿಕ್ಕೆ ಬಂತು. ಮುಂಜಾನೆ ಮೂರು ಚಪಾತಿ ತಿಂದಾಳ, ಡಬ್ಬಿ ಕಟ್ಟಿದಾಕಿ ನಾನು. ನಮ್ಮ ಹೆಸರು ನೋಡಿ ರೋಜಾ ಅಂತ ಬರದಾರೇನು ಹರಾಮಖೋರರು?”

“ಹೌದು,” ಎಂದಳು ವಿಜೇತಾ. ಕಾಗದವನ್ನು ಮಡಚಲಿಲ್ಲ, ಫೈಲಿಗೆ ಹಾಕಿದಳು. “ಭೀಮರಾಯ, ಎಫ್‌ಐಆರ್ ಬರಿ. ಆಮೇಲೆ ಜೀಪ್ ತೆಗಿ.”

ಎಫ್‌ಐಆರ್ ನೋಂದಣಿ: 5.05.

5.40ಕ್ಕೆ ಜೀಪ್ ಪಾರ್ಕಿನ ಗೇಟು ದಾಟಿತು. ಮಂಜಿನಂತೆ ನೀರು ಚಿಮ್ಮುವ ಫ್ಯಾನುಗಳ ಕೆಳಗೆ ಸಾವಿರಾರು ಜನ ತಣ್ಣಗೆ ನಿಂತಿದ್ದರು. ಧ್ವನಿವರ್ಧಕದಲ್ಲಿ ಸಿಹಿಯಾದ ಹೆಣ್ಣು ದನಿ ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಕುಡಿಯಿರಿ, ಮಕ್ಕಳಿಗೆ ಟೋಪಿ ಹಾಕಿ, ಸುಸ್ತಾದರೆ ಹತ್ತಿರದ ಸಿಬ್ಬಂದಿಗೆ ತಿಳಿಸಿ ಎಂದು ಉಪದೇಶ ಮಾಡುತ್ತಿತ್ತು.

“ಮತ್ತ ಸಿಬ್ಬಂದಿಗೆ ಸುಸ್ತಾದ್ರ ಯಾರಿಗೆ ತಿಳಿಸಬೇಕು, ತಾಯಿ?” ಭೀಮರಾಯ ಆ ಸ್ಪೀಕರನ್ನೇ ಕೇಳಿದ.

ಮ್ಯಾನೇಜರ್ ಅಮೋಲ್ ದೇಶಪಾಂಡೆ ಏಸಿ ಕೋಣೆಯಲ್ಲಿ ನಿಂಬೆ ಶರಬತ್ತು ತರಿಸಿದ. ಯಾರೂ ಮುಟ್ಟಲಿಲ್ಲ.

“ಛೋಟಾ ಮ್ಯಾಟರ್ ಹೈ ಮೇಡಂ. ಹುಡುಗಿ ಫಾಸ್ಟಿಂಗ್‌ನಲ್ಲಿದ್ದಳು.”

“ಯಾರು ಹೇಳಿದ್ದು?”

“ಸಾಮಾನ್ಯವಾಗಿ... ಅವರಲ್ಲಿ...”

“ಅವರಲ್ಲಿ ಮೇ ತಿಂಗಳಲ್ಲಿ ರಂಜಾನ್ ಮಾಡ್ತಾರಾ ಈ ವರ್ಷ? ಕ್ಯಾಲೆಂಡರ್ ಇದೆಯಲ್ಲ ನಿಮ್ಮ ಗೋಡೆ ಮೇಲೆ. ಎದ್ದು ನೋಡಿ. ಎದ್ದು ನೋಡಿ ಅಂದೆ.”

ಅಮೋಲ್ ಎದ್ದ. ಕ್ಯಾಲೆಂಡರ್ ನೋಡಿದ. ಕುಳಿತ.

“ಕರಡಿ ವೇಷ ಎಲ್ಲಿ?”

“ವಾಷಿಂಗ್‌ಗೆ ಹೋಯ್ತು. ಹೈಜೀನ್ ರೂಲ್.”

ಆ ಮಾತು ಮುಗಿಯುವ ಮುಂಚೆ ಭೀಮರಾಯ ಬಾಗಿಲಾಚೆ ಇದ್ದ. ಲಾಂಡ್ರಿಯಲ್ಲಿ ಕರಡಿಯ ಮೈ ಮೆಷಿನ್ನಿನೊಳಗೆ ಕುಳಿತಿತ್ತು, ಸೋಪಿನ ಪುಡಿಯೂ ಬಿದ್ದಿತ್ತು. ಲಾಂಡ್ರಿಯವನ ಬೆರಳು ಬಟನ್ ಮೇಲಿತ್ತು.

“ಆ ಬಟನ್ ಒತ್ತಿದ್ರ ನಿನ್ನ ಕಥಿ ಸೆಕೆಂಡ್ ಹಾಫ್ ನೋಡೂದಿಲ್ಲ, ಮಗನ!”

ಬೆರಳು ಹಿಂದೆ ಸರಿಯಿತು.

6.20ರಿಂದ 6.55. ಐಸ್ ಗೋಲಾ ಮಾರುವವನೊಬ್ಬ, ಟಿಕೆಟ್ ಸಾಲಿನಲ್ಲಿದ್ದ ಶಾಲಾ ಶಿಕ್ಷಕಿಯೊಬ್ಬಳು ಪಂಚ ಸಾಕ್ಷಿಗಳಾದರು. ಪಂಚನಾಮೆಯಲ್ಲಿ ದಾಖಲಾದದ್ದು: ಕರಡಿ ವೇಷ, ತೂಕ ಹನ್ನೊಂದು ಕಿಲೋ. ಒಳಗೆ ತೊಡುವ ಐಸ್ ಜಾಕೆಟ್, ಅದರ ಪ್ಯಾಕೆಟ್ಟುಗಳು ಬಿಸಿ. ತಲೆ ಮತ್ತು ಮೈಯನ್ನು ಕುತ್ತಿಗೆಯ ಹಿಂದೆ ಕೂಡಿಸುವ ಜಿಪ್. ಜಿಪ್ಪಿನ ಕೊಂಡಿಯಲ್ಲಿ ಒಂದು ಹೊಸ ಗೀರು. ತಲೆಯ ಒಳಬದಿ, ಬಾಯಿಯ ಜಾಗದಲ್ಲಿ, ಹಲ್ಲಿನ ಗುರುತು. ದಿಲನಾಜಳ ಲಾಕರಿನಲ್ಲಿ ಊಟದ ಡಬ್ಬಿ, ಪೂರ್ತಿ ಖಾಲಿ.

ಶಿಕ್ಷಕಿ ಹಲ್ಲಿನ ಗುರುತಿನ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದಳು. ಆ ಸಾಲನ್ನು ಮತ್ತೊಮ್ಮೆ ಓದಿ ಸಹಿ ಹಾಕಿದಳು.

“ಜಿಪ್ಪು ಹೊರಗಿನಿಂದ ತೆಗೀಬಹುದು, ಒಳಗಿನಿಂದಾನೂ ಎಳೀಬಹುದು,” ಎಂದಳು ವಿಜೇತಾ. “ಹಾಗಾದ್ರೆ ಅವಳ್ಯಾಕೆ ತೆಗೀಲಿಲ್ಲ?”

ಉತ್ತರ ದೋಸೆ ಸ್ಟಾಲಿನಲ್ಲಿತ್ತು. ಕರಡಿ ಬಿದ್ದದ್ದು ಅದರ ಮುಂದೆಯೇ. ಸ್ಟಾಲಿನ ಐತನಿಗೆ ಅರವತ್ತು ದಾಟಿತ್ತು. ಮುಂಬಯಿಯ ಹೋಟೆಲುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು.

“ಎಂಥ ನೋಡಿದ್ರಿ, ಐತಣ್ಣ?”

“ಕರಡಿ ಬಂದು ಕೌಂಟರಿಗೆ ಧಡಧಡ ಬಡೀತು, ಅಮ್ಮ. ಮೂರು ಸರ್ತಿ. ನಾನು ಎಂಥ ಮಾಡಿದೆ ಗೊತ್ತುಂಟಾ? ಸಲಾಂ ಹೊಡೆದೆ. ಕರಡಿ ತಮಾಷೆ ಮಾಡ್ತದೆ ಅಂತ. ಗಿರಾಕಿಗಳೂ ನಗಾಡಿದ್ರು, ವಿಡಿಯೋ ತೆಗೆದ್ರು.” ಅವನು ಹೆಗಲ ಬಟ್ಟೆಯಿಂದ ಕೌಂಟರ್ ಒರೆಸಿದ. “ಗೊಂಬೆ ವೇಷ ಹಾಕಿದವರು ಮಾತಾಡ್ಲಿಕ್ಕಿಲ್ಲ ಅಂತ ಇಲ್ಲಿ ರೂಲು. ಮಾತಾಡಿದ್ರೆ ಕೆಲಸ ಹೋಯ್ತು. ಆಮೇಲೆ ಬಿತ್ತು. ತಲೆ ಎಳೆದೆ, ಬರ್ಲಿಲ್ಲ. ಕುತ್ತಿಗೆಯಲ್ಲಿ ರೋಮದ ಅಡಿ ಕೆಂಪು ಸೀಲು ಹಾಕಿದ್ರು, ಜಿಪ್ಪಿಗೆ.”

“ಸೀಲು?”

“ಪ್ಲಾಸ್ಟಿಕ್‌ದು. ಒಮ್ಮೆ ಬಿಗಿದ್ರೆ ಕತ್ತರಿಸಿಯೇ ತೆಗೀಬೇಕು. ನೀರುಳ್ಳಿ ಕೊಯ್ಯುವ ಕತ್ತಿಯಲ್ಲಿ ಕೊಯ್ದೆ.” ಐತ ಗಲ್ಲಾದ ಡ್ರಾಯರಿನಿಂದ ಒಂದು ಕೆಂಪು ತುಂಡು ತೆಗೆದಿಟ್ಟ. “ನಂಬರ್ ಉಂಟಲ್ಲ ಇದರಲ್ಲಿ. ನಂಬರ್ ಇದ್ದದ್ದನ್ನು ಬಿಸಾಡ್ಲಿಕ್ಕಾಗ್ತದಾ? ಸೂಪರ್‌ವೈಸರ್ ಬಂದು ಕೇಳಿದ, ಬಿಸಾಡಿದೆ ಅಂತ ಸುಳ್ಳು ಹೇಳಿದೆ.”

“ಯಾವ ಸೂಪರ್‌ವೈಸರ್?”

“ಸಂದೀಪ. ಗೊಂಬೆಗಳನ್ನೆಲ್ಲ ನೋಡ್ಕೊಳ್ಳುವವ.”

ಸೀಲಿನ ಮೇಲೆ 04417 ಎಂದಿತ್ತು. ಜಪ್ತಿ ಮಾಡಿ ಲಕೋಟೆಗೆ ಹಾಕಿದರು. ಸಮಯ 7.10.

ಅಂಥ ಸೀಲುಗಳನ್ನು ಪಾರ್ಕಿನಲ್ಲಿ ಒಂದೇ ಕಡೆ ಬಳಸುತ್ತಿದ್ದರು. ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ. ಸಿಕ್ಕ ಪರ್ಸು, ಫೋನು, ಕನ್ನಡಕಗಳನ್ನು ಚೀಲಕ್ಕೆ ಹಾಕಿ ಬಾಯಿ ಬಿಗಿಯುವುದು ಈ ಸೀಲಿನಿಂದ. ಯಾವ ಸೀಲು ಯಾವ ಚೀಲಕ್ಕೆ ಹೋಯಿತೆಂಬುದಕ್ಕೆ ಒಂದು ವಹಿ. ಒಂದೊಮ್ಮೆ ಸೀಲು ಹಾಳಾದರೆ ಆ ತುಂಡನ್ನು ವಹಿಯ ಪುಟಕ್ಕೇ ಸ್ಟೇಪಲ್ ಹೊಡೆಯಬೇಕು. ಪಾರ್ಕಿನವರದೇ ನಿಯಮ.

ವಿಜೇತಾ ಬೆರಳಿಟ್ಟು ಓದಿದಳು. 04416, ಹೆಂಗಸರ ಪರ್ಸು, 11.40. 04418, ಮಗುವಿನ ಚಪ್ಪಲಿ, 1.05. ಎರಡರ ನಡುವೆ 04417, ‘ಹಾಳಾಗಿದೆ’, ಪಕ್ಕದಲ್ಲಿ ಸಂದೀಪನ ಸಹಿ. ಸ್ಟೇಪಲ್ ಇಲ್ಲ, ತುಂಡಿಲ್ಲ.

“ಹಿಂದಿನ ಪುಟ ತಿರುಗಿಸು.”

ಭೀಮರಾಯ ತಿರುಗಿಸಿದ. ಅದೇ ಸಹಿಯ, ತುಂಡಿಲ್ಲದ ‘ಹಾಳಾಗಿದೆ’ ಇನ್ನೂ ಎಂಟು. ದಿನಾಂಕಗಳನ್ನು ಡ್ಯೂಟಿ ಪಟ್ಟಿಗೆ ಹೊಂದಿಸಿದರು. ಎಂಟೂ ದಿನ ಕರಡಿಯೊಳಗೆ ಇದ್ದದ್ದು ದಿಲನಾಜ.

ಭೀಮರಾಯ ವಹಿಯನ್ನು ಟೇಬಲ್ಲಿಗೆ ಅಪ್ಪಳಿಸಿದ. ಕೌಂಟರಿನ ಗಾಜು ಝಲ್ ಎಂದಿತು.

7.40. ಗೊಂಬೆಗಳು ಬಟ್ಟೆ ಬದಲಿಸುವ ಕೋಣೆ. ಸಂದೀಪನಿಗೆ ಮೂವತ್ತೆರಡು. ಇಸ್ತ್ರಿ ಮಾಡಿದ ಟೀಶರ್ಟು, ಕೊರಳಲ್ಲಿ ವಾಕಿಟಾಕಿ. ವಿಜೇತಾಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದ. ಅವನ ಮುಖ ಸಡಿಲವಾಯಿತು.

“ಕೋಟ್ಯಾನ್ ಅಂದ್ರೆ ನಮ್ಮ ಕಡೆಯವರೇ ಆಯ್ತಲ್ಲ, ಅಕ್ಕ. ನಂದು ಉಡುಪಿ ಹತ್ರ ಕಾಪು. ನಾವು ನಾವೇ ಕೂತು ಮಾತಾಡುವ.”

“ಕೂತಿದ್ದೇನಲ್ಲ. ಮಾತಾಡು. ಇವತ್ತು ಕರಡಿಯ ಜಿಪ್ಪು ಹಾಕಿದ್ದು ಯಾರು?”

“ಅವಳೇ ಇರ್ಬೇಕು.”

“ಕುತ್ತಿಗೆ ಹಿಂದೆ ಅವಳೇ ಸೀಲು ಬಿಗಿದುಕೊಂಡಳಾ?”

“ಸೀಲಾ? ಯಾವ ಸೀಲು ಅಕ್ಕ?”

“ಅಕ್ಕ ಅನ್ನಬೇಡ. ನಾಲ್ಕು ನಾಲ್ಕು ಒಂದು ಏಳು.”

ಲಕೋಟೆ ಟೇಬಲ್ಲಿಗೆ ಬಿತ್ತು. ಪಕ್ಕದಲ್ಲಿ ವಹಿ. ಸಂದೀಪ ತನ್ನ ಸಹಿಯನ್ನು ಬೇರೆಯವರ ಸಹಿಯೆಂಬಂತೆ ನೋಡಿದ.

“ಎಷ್ಟು ಗಂಟೆಗೆ ಬಿಗಿದೆ?”

ಸಂದೀಪ ವಾಕಿಟಾಕಿಯ ಗುಂಡಿ ತಿರುಗಿಸತೊಡಗಿದ.

“ಕಿವಿ ಕೇಳೂದಿಲ್ಲೇನು?” ಭೀಮರಾಯ ಮುಂದೆ ಬಂದ.

“ಹನ್ನೆರಡೂವರೆಗೆ.”

“ಬಿದ್ದದ್ದು ಎರಡು ಹತ್ತಕ್ಕೆ. ನೂರು ನಿಮಿಷ. ರೂಲು ಎಷ್ಟು?”

“ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ತೆಗೆದು ನೀರು ಕುಡೀಬೇಕು. ಐಸ್ ಬದಲಿಸ್ಬೇಕು.”

“ಮತ್ತೆ?”

“ಎಪ್ರಿಲ್‌ನಲ್ಲಿ ಅವಳು ತಲೆ ತೆಗೆದು ಟ್ಯಾಂಕಿ ಹತ್ರ ನೀರು ಕುಡೀತಿದ್ದಳು. ಯಾರೋ ವಿಡಿಯೋ ಮಾಡಿ ಹಾಕಿದ್ರು. ಕೂಲ್‌ಭಾಯ್ ನಕಲಿ ಅಂತ ಒಂದು ಮಗು ಅಳ್ತಾ ಇತ್ತು ಅದರಲ್ಲಿ. ಲಕ್ಷ ಜನ ನೋಡಿದ್ರು. ಅಮೋಲ್ ಸರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದ್ರು.” ಅವನು ಫೋನು ತೆಗೆದು ಮುಂದಿಟ್ಟ. ಮ್ಯಾನೇಜರನ ಮೆಸೇಜು, ಎಪ್ರಿಲ್ 19, ಬೆಳಿಗ್ಗೆ 10.02: ‘ಇನ್ನೊಮ್ಮೆ ಕರಡಿಯ ತಲೆ ಹೊರಬಂದರೆ ಅದರೊಳಗೆ ನೀನು ಹೋಗುತ್ತೀಯ. ಮೊದಲಿನ ಹಾಗೆ.’

“ಮೊದಲಿನ ಹಾಗೆ ಅಂದ್ರೆ?”

“ನಾನು ಆರು ಬೇಸಿಗೆ ಕೂಲ್‌ಭಾಯ್ ಆಗಿದ್ದೆ, ಮೇಡಂ. ಪ್ರಮೋಷನ್ ಆಗಿ ಒಂದೂವರೆ ವರ್ಷ. ನಾನು ವಾಪಸ್ ಅದರೊಳಗೆ ಹೋಗಲಾರೆ. ಕನಸಲ್ಲಿ ಬಂದ್ರೂ ಎದ್ದು ಕೂತ್ಕೊಳ್ತೇನೆ. ನಿಮಗೆ ಗೊತ್ತಿಲ್ಲ ಒಳಗೆ ಹೇಗಿರ್ತದೆ ಅಂತ.”

ವಿಜೇತಾ ಎದ್ದಳು. ಇಡೀ ದಿನದಲ್ಲಿ ಅವಳ ದನಿ ಏರಿದ್ದು ಅದೊಂದೇ ಸಲ.

“ನಿನಗೆ ಗೊತ್ತಿತ್ತಲ್ಲ! ಈ ಪಾರ್ಕಿನಲ್ಲಿ ಅದು ಗೊತ್ತಿದ್ದವನು ನೀನೊಬ್ಬನೇ. ಗೊತ್ತಿದ್ದೂ ಒಂಬತ್ತು ಸಲ ಬಿಗಿದೆ!”

8.15. ಅಪಾಯ ಗೊತ್ತಿದ್ದೂ ಜೀವಕ್ಕೆ ಕುತ್ತು ತಂದದ್ದಕ್ಕೆ ಮತ್ತು ಅಕ್ರಮವಾಗಿ ಬಂಧಿಸಿಟ್ಟದ್ದಕ್ಕೆ ಸಂದೀಪನ ಬಂಧನ. ಸಾಕ್ಷ್ಯ ನಾಶದ ಯತ್ನ ಮತ್ತು ಸುಳ್ಳು ಹೇಳಿಕೆಗೆ ಸಹಿ ಕೇಳಿದ ಆರೋಪದ ಮೇಲೆ ಅಮೋಲ್ ದೇಶಪಾಂಡೆ ಎರಡನೇ ಆರೋಪಿ. ಮೇಲಿನವರಿಗೆ ಫೋನ್ ಮಾಡುತ್ತೇನೆ ಎಂದ ಅಮೋಲ್. ಮಾಡ್ರಿ, ಸ್ಪೀಕರ್ ಮ್ಯಾಲೆ ಇಡ್ರಿ, ನಾವೂ ಕೇಳ್ತೀವಿ ಎಂದ ಭೀಮರಾಯ. ಫೋನು ಜೇಬಿಗೆ ಹೋಯಿತು. ಏಸಿ ಕೋಣೆಯಿಂದ ಗೇಟಿನವರೆಗೆ ಇಬ್ಬರನ್ನೂ ನಡೆಸಿಕೊಂಡೇ ಹೋದರು. ದೋಸೆ ಸ್ಟಾಲಿನ ಮುಂದೆ ಹಾಯುವಾಗ ಐತ ಮುಖ ತಿರುಗಿಸಲಿಲ್ಲ, ಬೈಯಲೂ ಇಲ್ಲ. ಕಾವಲಿಯ ಉರಿ ಆರಿಸಿ ನಿಂತೇ ಇದ್ದ.

ಮೇ 13, ಬೆಳಿಗ್ಗೆ 9.10. ದಿಲನಾಜ ಕಣ್ಣು ಬಿಟ್ಟಿದ್ದಳು. ಕಿಡ್ನಿ ಉಳಿಯುತ್ತದೆ ಎಂದರು ಡಾಕ್ಟರು. ಅಮೀರುನ್ನೀಸಾ ಮಗಳ ಅಂಗಾಲು ಹಿಡಿದು ಕೂತಿದ್ದಳು. ವಿಜೇತಾ ಹೇಳಿಕೆ ಬರೆದುಕೊಂಡಳು.

“ನನಗೆ ಸೀಲ್ ಗೊತ್ತಿತ್ತು ಮೇಡಂ. ಸಂದೀಪ್ ಸರ್ ಬೋಲೆ, ಅರ್ಧ ಗಂಟೆ, ಫಿರ್ ಬಿಚ್ತೀನಿ ಅಂತ. ಹರ್ ಬಾರ್ ಬಂದು ಬಿಚ್ತಿದ್ರು. ನಿನ್ನೆ ಬರ್ಲಿಲ್ಲ.” ಅವಳು ಉಸಿರು ತೆಗೆದುಕೊಂಡಳು. “ರೂಲ್ ಇದೆಯಲ್ಲ, ಮಾತಾಡ್ಬಾರ್ದು. ಲಾಸ್ಟ್‌ನಲ್ಲಿ ಚಿಲ್ಲಾಯಿಸಿದೆ. ಆವಾಜ್ ಒಳಗೇ ಉಳೀತು.”

10.30ಕ್ಕೆ ಕೋರ್ಟಿಗೆ ಒಯ್ಯುವ ಮುನ್ನ ಸಂದೀಪನ ಮುಂದೆ ಆ ಹೇಳಿಕೆ ಇಟ್ಟಳು.

“ನಿನ್ನೆ ಯಾಕೆ ಬಿಚ್ಚಲಿಕ್ಕೆ ಬರಲಿಲ್ಲ?”

“ಒಂದು ಶಾಲೆಯವರು ಇನ್ನೂರು ಮಕ್ಕಳನ್ನು ತಂದಿದ್ರು. ಅಮೋಲ್ ಸರ್ ಹಿಂದೆ ಓಡಾಡಿದೆ. ಮರೆತೆ, ಮೇಡಂ.”

“ಆರು ಬೇಸಿಗೆ ನೀನು ಒಳಗೆ ಹೇಗೆ ಬದುಕಿದೆ?”



“ಬೋಟ್ ರೈಡಿನ ಹಿಂದೆ ಒಂದು ಗೋಡೆ ಉಂಟು. ಅದರ ಮರೆಗೆ ಹೋಗಿ ತಲೆ ತೆಗೀತಿದ್ದೆ. ಒಂದೇ ನಿಮಿಷ. ಯಾರೂ ನೋಡ್ತಿರಲಿಲ್ಲ.”

ವಿಜೇತಾ ಕೇಸ್ ಡೈರಿ ತೆರೆದು ಕೊನೆಯ ಸಾಲು ಬರೆದಳು: ಆ ಒಂದು ನಿಮಿಷದಿಂದಲೇ ಆರೋಪಿ ಆರು ವರ್ಷ ಬದುಕಿದ್ದ, ದಿಲನಾಜಳಿಂದ ಅದನ್ನೇ ಕಸಿದುಕೊಂಡ.