ಕುದುರೆ ಮನೆಯ ಕಾಲಾಳು

"ಅರಗೇನೋ ಮುರ್ದಿಲ್ಲ ಕಣವ್ವ. ಕವರ್ನ ತಳದಲ್ಲಿ ಕುಯ್ದು, ತಿರ್ಗ ಗಮ್ಮು ಬಳ್ದವ್ರೆ," ಎಂದ ದ್ಯಾವಯ್ಯ.

ಹೆಡ್ ಕಾನ್‌ಸ್ಟೇಬಲ್ ಪಾರ್ವತಮ್ಮ ಆ ಕಂದು ಕವರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸಮುದಾಯ ಭವನದ ಕಾವಲುಗಾರನ ಮಾತು ನಿಜ. ಮೇಲಿನ ಕೆಂಪು ಅರಗಿನ ಮುದ್ರೆ ಗಟ್ಟಿಯಾಗಿದೆ. ಕೆಳಗಿನ ಮಡಿಕೆ ಬ್ಲೇಡಿನ ಬಾಯಿಗೆ ಸಿಕ್ಕಿದೆ. ಬಳಿದವನಿಗೆ ಅವಸರ, ಗಮ್ಮು ಒಳಗಿನ ಕಾಗದಕ್ಕೂ ಅಂಟಿಕೊಂಡಿದೆ. ಚದುರಂಗ ಸ್ಪರ್ಧೆಯ ಕಾರ್ಯದರ್ಶಿ ದೇವರಾಜು ವೇದಿಕೆಯ ಮೇಲೆ ಕಾಗದ ಎಳೆದಾಗ ತಳವೇ ಕಿತ್ತು ಬಂದಿತ್ತು.

ನಾಗಮಂಗಲದಲ್ಲಿ ಆ ಭಾನುವಾರ ನಾಲ್ಕು ತಾಲ್ಲೂಕುಗಳ ಚದುರಂಗ ಸ್ಪರ್ಧೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಹೋದ ವರ್ಷ ಫಲಿತಾಂಶದ ಹೊತ್ತಿಗೆ ಕುರ್ಚಿಗಳು ಹಾರಾಡಿದ್ದವು. ಅದಕ್ಕೇ ಈ ಸಲ ಪಾರ್ವತಮ್ಮನನ್ನು ಬಂದೋಬಸ್ತಿಗೆ ಹಾಕಿದ್ದರು. ಕೊನೆಯ ಸುತ್ತು ಒಂದು ಒಗಟು. ಗೋಡೆಗೆ ತೂಗುಹಾಕಿದ ದೊಡ್ಡ ಬಟ್ಟೆಯ ಚದುರಂಗದ ಹಾಸಿನ ಮೇಲೆ ಸಿಕ್ಕಿಸಿದ ಕಾಯಿಗಳು. ಬಿಳಿಯ ಸರದಿ, ಮೂರೇ ನಡೆಯಲ್ಲಿ ಕಪ್ಪು ರಾಜ ಸಾಯಬೇಕು. ಮೊದಲು ಸರಿಯುತ್ತರ ಕೊಟ್ಟವರು ಮೈಸೂರಿಗೆ ಹೋಗುವ ತಂಡದ ನಾಯಕರು. ಉತ್ತರ ಕವರಿನಲ್ಲಿ, ಕವರು ಬೀರುವಿನಲ್ಲಿ, ಬೀರುವಿನ ಕೀಲಿ ದ್ಯಾವಯ್ಯನ ಸೊಂಟದಲ್ಲಿ.

ನಲವತ್ತೊಂದು ಜನ ಬರೆದಿದ್ದರು. ಎಲ್ಲರಿಗಿಂತ ಮೊದಲು, ಏಳೇ ನಿಮಿಷದಲ್ಲಿ ಎದ್ದು ಹೋಗಿ ಚೀಟಿ ಕೊಟ್ಟವಳು ಹೊಣಕೆರೆಯ ಸ್ನೇಹ. ಇಪ್ಪತ್ತಮೂರರ ಹುಡುಗಿ, ಬಸ್ ನಿಲ್ದಾಣದ ಪಕ್ಕ ಟೈಲರ್ ಅಂಗಡಿ. ಎರಡನೆಯವನು ಶ್ರೀರಂಗಪಟ್ಟಣದ ದಿಲೀಪ್. ಚದುರಂಗ ಕಲಿಸುವ ತರಗತಿ ನಡೆಸುತ್ತಾನೆ. ಮೂರು ವರ್ಷದಿಂದ ಅವನೇ ನಾಯಕ. ಮೇಜಿನ ಮೇಲಿದ್ದ ಆಟದ ಗಡಿಯಾರಗಳೂ ಅವನವೇ, ಒಂದೊಂದರ ಬೆನ್ನಿಗೂ ಅವನ ತರಗತಿಯ ಚೀಟಿ.

ಕವರು ಕಿತ್ತುಬಂದ ಕೂಡಲೇ ದಿಲೀಪ್ ಎದ್ದು ನಿಂತು ಸ್ನೇಹಳ ಕಡೆ ಕೈ ತೋರಿಸಿದ್ದ. "ಏಳು ನಿಮಿಷಕ್ಕೆ ಇದನ್ನ ಬಿಡಿಸೋದು ಸಾಧ್ಯನಾ? ನಿನ್ನೆ ಸಂಜೆ ಇಲ್ಲಿದ್ದೋರು ಯಾರು ಅಂತ ಕೇಳಿ."

ದೇವರಾಜು ಹಿಂದೆಮುಂದೆ ನೋಡದೆ ಮೈಕಿನಲ್ಲೇ ಹೇಳಿಬಿಟ್ಟಿದ್ದ: "ಹೊಣಕೆರೆ ಸ್ನೇಹ ಅನ್ನೋರು ಮೋಸ ಮಾಡವ್ರೆ."

* * *

"ಸಹಿ ಆಕ್ಬುಡವ್ವ. ತಪ್ಪಾಯ್ತು ಅಂತ ಒಂದು ಗೀಟು. ಮೂರು ವರ್ಸ ಆಟಕ್ಕೆ ಬರ್ಬ್ಯಾಡ, ಮುಗೀತು. ಪೋಲೀಸು ಗೀಲೀಸು ಯಾಕೆ?" ದೇವರಾಜು ಕಾಗದ ಮುಂದಕ್ಕೆ ತಳ್ಳಿದ. ನಾಗಮಂಗಲದ ತೆಂಗಿನಕಾಯಿ ಮಂಡಿ ಅವನದು. ಆಟ ಬರದು, ಆಡಿಸುವ ಹುಚ್ಚು ಮಾತ್ರ ಜಾಸ್ತಿ.

"ಆಕಾಕಿಲ್ಲ," ಎಂದಳು ಸ್ನೇಹ.

"ಎರಡು ಗಂಟೆವರ್ಗೆ ಟೈಮು. ಆಮ್ಯಾಕೆ ನಿನ್ನೆಸರು ಪಟ್ಟೀಲೇ ಇರಾಕಿಲ್ಲ."

"ಪಟ್ಟೀನ ನೀವೇ ಮಡೀಕಳಿ. ಕದ್ದಿಲ್ದೆ ಕದ್ದೆ ಅಂತ ಬರ್ಕೊಟ್ರೆ, ನಾಳೆಯಿಂದ ನನ್ನ ಅಂಗ್ಡಿಗೆ ಬಟ್ಟೆ ಕೊಡೋರು ಅಳತೆಗಿಂತ ಮೊದ್ಲು ಮುಖ ನೋಡ್ತಾರೆ. ಇನ್ನೊಂದು ಒಗಟು ತಗೊಂಡು ಬನ್ನಿ. ಇಲ್ಲೇ, ನಿಮ್ಮ ಕಣ್ಮುಂದೇನೇ ಬುಡಿಸ್ತೀನಿ."

"ಎಷ್ಟು ಬಾಯಿ ನೋಡ್ರಿ ಇವ್ಳಿಗೆ!"

"ಬಾಯಿ ಅದೆ ಅಂತ ಕಳ್ಳಿ ಆಯ್ತೀನಾ?"

ಪಾರ್ವತಮ್ಮ ನಗು ನುಂಗಿಕೊಂಡು ದೇವರಾಜುವನ್ನು ಆಚೆಗೆ ಕಳಿಸಿದಳು. ಹುಡುಗಿಯ ಎದುರು ಕುರ್ಚಿ ಎಳೆದು ಕೂತಳು.

"ನಿನ್ನೆ ಸಂಜೆ ಇಲ್ಯಾಕೆ ಬಂದಿದ್ದೆ ಮಗಾ?"

"ಆ ಹಾಸು ಹೊಲ್ದೋಳೇ ನಾನು ಅಕ್ಕ. ಅರವತ್ತನಾಕು ಮನೆ, ಒಂದೊಂದೂ ಬೇರೆ ತುಂಡು. ನೇತಾಕಿ, ಬೀರು ಪಕ್ಕ ಕೂತು ಅಂಚು ಹೊಲ್ದು, ಆರು ಗಂಟೆ ಬಸ್ಸಿಗೆ ಹೊರಟೋದೆ. ಆವಾಗ ಕಾಯಿ ಇರ್ಲೇ ಇಲ್ಲ."

"ಚೀಲದಲ್ಲೇನದೆ?"

ಸ್ನೇಹ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಟೇಪು, ನೂಲುಂಡೆ, ಸೂಜಿ, ಉದ್ದದ ಕತ್ತರಿ. ಬಾಗಿಲಲ್ಲಿ ಇಣುಕುತ್ತಿದ್ದವರು "ನೋಡ್ದಾ, ಕತ್ತರಿ" ಎಂದು ಪಿಸುಗುಟ್ಟಿದರು.

ಪಾರ್ವತಮ್ಮ ಒಂದು ಹಳೆಯ ಕವರು ತರಿಸಿ ಅದೇ ಕತ್ತರಿಯಿಂದ ತಳ ಕತ್ತರಿಸಿ ನೋಡಿದಳು. ಕತ್ತರಿ ಹಾಕಿದರೆ ಅಂಚಿನ ಒಂದು ಪಟ್ಟಿಯೇ ಉದುರುತ್ತದೆ, ಕವರು ಗಿಡ್ಡವಾಗುತ್ತದೆ. ಈ ಕವರು ಗಿಡ್ಡವಾಗಿಲ್ಲ. ಮಡಿಕೆಯನ್ನಷ್ಟೇ ತೆಳುವಾಗಿ ಸೀಳಿದ್ದಾರೆ. ಇದು ಬ್ಲೇಡು. ಬ್ಲೇಡು ಎರಡು ರೂಪಾಯಿಗೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಹುಡುಗಿಯ ಮೇಲಿನ ಅನುಮಾನ ಒಂದು ಗುಲಗಂಜಿ ಕಡಿಮೆಯಾಯಿತು, ಅಷ್ಟೇ.

"ದ್ಯಾವಯ್ಯ, ನಿನ್ನೆ ಬೀರುವಿಂದ ಯಾರಾದ್ರೂ ಏನಾದ್ರೂ ತಗೊಂಡ್ರಾ?"

"ನನ್ನಾಣೆ ಇಲ್ಲ ಕಣವ್ವ. ಒಂದು ಸೂಜಿಮೊನೆನೂ ಆಚೆ ಓಗಿಲ್ಲ."

ದಾರಿ ಅಲ್ಲಿಗೆ ಮುಚ್ಚಿತು. ಗೋಡೆಯ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು.

* * *

ಪಾರ್ವತಮ್ಮ ಇನ್ನೂ ಯಾರೂ ನೋಡದಿದ್ದ ನಲವತ್ತೊಂದು ಚೀಟಿಗಳ ಕಟ್ಟು ಬಿಚ್ಚಿದಳು. ಪಕ್ಕದಲ್ಲಿ ಕವರಿನೊಳಗಿನ ಕಾಗದ ಇಟ್ಟುಕೊಂಡಳು. ದುಂಡು ಅಕ್ಷರದಲ್ಲಿ ಮೂರೇ ಸಾಲು:

ಒಂದು, ಆನೆ ಬಲತುದಿಯ ಕಾಲಾಳನ್ನು ಹೊಡೆದು ಚೆಕ್. ಕಪ್ಪು ಕಾಲಾಳು ಆನೆಯನ್ನು ಹೊಡೆಯಲೇಬೇಕು.

ಎರಡು, ಮಂತ್ರಿ ರಾಜನ ಬಾಯಿಗೆ. ರಾಜ ಹೊಡೆಯಲೇಬೇಕು.

ಮೂರು, ಕಾಲಾಳು ತುದಿ ಮುಟ್ಟಿತು. ಮೇಟ್.

ನಲವತ್ತೊಂದರಲ್ಲಿ ಮೂವತ್ತೊಂಬತ್ತು ಚೀಟಿಗಳು ಮೊದಲ ಸಾಲಿಗೇ ಬಿದ್ದುಹೋದವು. ಎರಡು ಮಾತ್ರ ಆನೆ ಕೊಟ್ಟಿದ್ದವು, ಮಂತ್ರಿಯನ್ನೂ ಕೊಟ್ಟಿದ್ದವು. ಸ್ನೇಹಳದು, ದಿಲೀಪನದು. ಎರಡನ್ನೂ ಅಕ್ಕಪಕ್ಕ ಇಟ್ಟು ಮೂರನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು.

"ಸ್ನೇಹ, ಬಾ ಇಲ್ಲಿ. ಇದನ್ನ ನಂಗೆ ಆಡಿ ತೋರ್ಸು. ದಡ್ಡಿಗೆ ಹೇಳ್ದಂಗೆ ಹೇಳ್ಬೇಕು."

ಹುಡುಗಿ ಸಣ್ಣ ಹಲಗೆಯ ಮೇಲೆ ಕಾಯಿ ಜೋಡಿಸಿದಳು. "ನೋಡಿ ಅಕ್ಕ. ಮುಂದಿನ ನಡೇಲಿ ಕಪ್ಪಿನೋರು ನಮ್ಮ ರಾಜನ್ನ ಮುಗಿಸ್ತಾರೆ. ಉಸಿರು ಬುಡಕ್ಕೂ ಟೈಮಿಲ್ಲ. ಅದ್ಕೇ ಆನೆ ಕೊಟ್ಟೆ. ಅವ್ರ ಕಾಲಾಳು ಪಕ್ಕಕ್ಕೆ ಸರೀತು, ಗೋಡೆ ಒಡೀತು. ಆ ಸಂದೀಲಿ ಮಂತ್ರಿ ಬಂದ್ಲು, ರಾಜನ ಮೂಗಿನ್ಮುಂದೆ ಕೂತ್ಲು. ಅವ್ನು ತಿಂದ. ತಿಂದೋನು ಎಲ್ಲಿ ನಿಂತ ನೋಡಿ, ಸುತ್ತಾ ಬಾಗಿಲೇ ಇಲ್ಲ. ಈವಾಗ ಕಾಲಾಳು ಕೊನೇ ಮನೆಗೆ. ಇಲ್ಲಿ ಮಂತ್ರಿ ಮಾಡ್ಕೊಂಡ್ರೆ ಕೆಲ್ಸ ಕೆಟ್ಟೋಯ್ತದೆ, ಆ ಜಾಗದಿಂದ ಮಂತ್ರಿಗೆ ರಾಜ ಸಿಕ್ಕಾಕಿಲ್ಲ. ಕುದುರೆ ಮಾಡ್ಬೇಕು. ಕುದುರೆ ಒಂದೇ ನೆಗೆದು ಚೆಕ್ ಕೊಡೋದು. ಸತ್ತ."

"ಯಾರ್ ಹೇಳ್ಕೊಟ್ರು?"

"ಮೊಬೈಲು, ಹಳೇ ಪುಸ್ತಕ. ಮಿಷನ್ ತುಳೀತಾ ತಲೇಲೇ ಆಡ್ತೀನಿ. ನಾಕು ಸಲ ಬಟ್ಟೆ ಕೆಡಿಸ್ಕೊಂಡಿದೀನಿ," ಎಂದಳು ಸ್ನೇಹ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು.

ಪಾರ್ವತಮ್ಮ ಮತ್ತೊಮ್ಮೆ ಕವರಿನ ಕಾಗದ ನೋಡಿದಳು. ಕಾಲಾಳು ತುದಿ ಮುಟ್ಟಿತು, ಮೇಟ್. ಅಲ್ಲಿ ಕುದುರೆ ಎಂಬ ಮಾತೇ ಇರಲಿಲ್ಲ.

* * *

ಒಂದೂವರೆಗೆ ಪಾಂಡವಪುರದ ಕಡೆಯ ಬಸ್ಸಿಳಿದು ಚಿಕ್ಕಸಿದ್ದಯ್ಯ ಬಂದರು. ಒಗಟು ಕಟ್ಟಿದವರು ಅವರೇ. ಎಪ್ಪತ್ತೆಂಟರ ಮುದುಕರು, ಕ್ಯಾತನಹಳ್ಳಿಯಲ್ಲಿ ನಲವತ್ತು ವರ್ಷ ಆಲೆಮನೆ ನಡೆಸಿದವರು. ಪಾರ್ವತಮ್ಮನ ತವರೂ ಅದೇ ಊರು.

"ಏನವ್ವ ಪಾರ್ವತಿ, ಬೆಲ್ಲ ತಿನ್ನಕ್ಕೆ ಕದ್ದು ಬರ್ತಿದ್ದೋಳು ನೀನು. ಈವಾಗ ಕಳ್ಳರನ್ನ ಹಿಡೀತಿದ್ದೀಯಾ?"

"ಅದೆಲ್ಲ ಆಮೇಲೆ ದೊಡ್ಡಪ್ಪ. ಈ ಕಾಗದ ನಿಮ್ದೇ ತಾನೆ? ಕೊನೇ ಸಾಲಲ್ಲಿ ಕಾಲಾಳು ಏನಾಯ್ತು ಅಂತ ಯಾಕೆ ಬರ್ದಿಲ್ಲ?"

ಮುದುಕರು ಹುಬ್ಬು ಮೇಲೇರಿಸಿದರು. "ಬರೆಯೋದೇನ್ಬಂತು? ಕುದುರೆ ಮನೆಗೋದ ಕಾಲಾಳು ಕುದುರೆ ಆಗ್ದೆ ಎಮ್ಮೆ ಆಯ್ತದಾ?"

ಪಾರ್ವತಮ್ಮನಿಗೆ ಬೇಕಾದದ್ದು ಅದೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಗಂಡಸರು ಆಡುತ್ತಿದ್ದ ಆಟ ಅವಳಿಗೆ ಗೊತ್ತು. ಆಲೆಮನೆಯ ಪದ್ಧತಿಯೇ ಬೇರೆ. ಆಟ ಶುರುವಾದಾಗ ಯಾವ ಕಾಯಿ ಕೂತ ಸಾಲೋ, ಆ ಸಾಲಿನ ತುದಿ ಮುಟ್ಟಿದ ಕಾಲಾಳು ಆ ಕಾಯಿಯೇ ಆಗುತ್ತದೆ. ಆನೆಯ ಸಾಲಲ್ಲಿ ಆನೆ, ಕುದುರೆಯ ಸಾಲಲ್ಲಿ ಕುದುರೆ. ಕೇಳುವ ಮಾತೇ ಇಲ್ಲ. ಸ್ಪರ್ಧೆಯ ನಿಯಮ ಹಾಗಲ್ಲ. ಬೇಕಾದ್ದನ್ನು ಆರಿಸಿಕೊಳ್ಳಬಹುದು, ಆದರೆ ಆರಿಸಿದ್ದು ಏನೆಂದು ಬರೆಯಲೇಬೇಕು.

"ಎಲ್ಲಾರ್ನೂ ಒಳಕ್ಕೆ ಕರೀರಿ," ಎಂದಳು ದೇವರಾಜುವಿಗೆ.

* * *

ಭವನ ತುಂಬಿತು. ಪಾರ್ವತಮ್ಮ ದಿಲೀಪನನ್ನು ಗೋಡೆಯ ಹಾಸಿನ ಹತ್ತಿರ ಕರೆದಳು.

"ನೀವು ಬಿಡಿಸಿದ್ದೀರಲ್ಲ ಸಾರ್, ಒಂದ್ಸಲ ಆಡಿ ತೋರ್ಸಿ. ನಮ್ಮಂಥೋರಿಗೂ ಗೊತ್ತಾಗ್ಲಿ."

ದಿಲೀಪ್ ತೋಳು ಮಡಿಸಿ ಮುಂದೆ ಬಂದ. ಆನೆ ಕೊಟ್ಟ. ಮಂತ್ರಿ ಕೊಟ್ಟ. ಕಾಲಾಳನ್ನು ತುದಿಗೆ ತಳ್ಳಿ, ಅದನ್ನು ಕಿತ್ತು ಬಿಳಿ ಮಂತ್ರಿಯನ್ನು ಸಿಕ್ಕಿಸಿದ. "ಮಂತ್ರಿ ಆಯ್ತು. ಮೇಟ್."

ಮುಂದಿನ ಸಾಲಿನಲ್ಲಿ ಚಿಕ್ಕಸಿದ್ದಯ್ಯ ತೊಡೆ ತಟ್ಟಿದರು. "ಲೇ, ಚೆಕ್ಕೇ ಇಲ್ವಲ್ಲೋ! ಮೇಟ್ ಎಲ್ಲಿಂದ ತಂದ್ಯಲಾ?"

ದಿಲೀಪ್ ಹಾಸು ನೋಡಿದ. ಮಂತ್ರಿ ನೋಡಿದ. ರಾಜನನ್ನು ನೋಡಿದ.

"ಅವಸರದಲ್ಲಿ ತಪ್ಪಾಗಿದೆ. ತಪ್ಪು ಬರೆದೋನು ಕಳ್ಳ ಅಂತಾನಾ ಮೇಡಂ?"

"ಎಲ್ಲಾರ ತಪ್ಪೂ ಒಂದೇ ಥರ ಇರಲ್ಲ ಸಾರ್," ಎಂದಳು ಪಾರ್ವತಮ್ಮ. "ಮೂವತ್ತೊಂಬತ್ತು ಜನ ಮೊದಲ್ನೇ ನಡೇಲೇ ತಪ್ಪಿದ್ರು. ಅದು ನ್ಯಾಯವಾದ ತಪ್ಪು. ನೀವು ಆನೆ ಕೊಟ್ರಿ, ಮಂತ್ರಿ ಕೊಟ್ರಿ. ಅಷ್ಟು ದೊಡ್ಡ ಬಲಿ ಯಾಕೆ ಕೊಡ್ತಾರೆ? ಕೊನೇ ನಡೇಲಿ ಕುದುರೆ ಕಂಡ್ರೆ ಮಾತ್ರ ಕೊಡ್ತಾರೆ. ನಿಮಗೆ ಕುದುರೆ ಕಂಡೇ ಇಲ್ಲ. ಹಂಗಾರೆ ಮೊದಲ್ನೇ ಎರಡು ನಡೆ ಎಲ್ಲಿಂದ ಬಂದ್ವು?"

ಅವಳು ಕಂದು ಕವರನ್ನು ಎತ್ತಿ ಹಿಡಿದಳು.

"ಕವರಿಂದ ಬಂದ್ವು. ದೊಡ್ಡಪ್ಪ ತಮ್ಮೂರ ರೂಢೀಲಿ ಕುದುರೆ ಅಂತ ಬರೀಲೇ ಇಲ್ಲ. ಕಾಲಾಳು ತುದಿ ಮುಟ್ಟಿದ್ರೆ ಮಂತ್ರಿ ತಾನೇ ಅಂತ ನೀವೇ ಸೇರಿಸ್ಕೊಂಡ್ರಿ. ಉತ್ತರ ಕೈಲಿದ್ದೋನು ಲೆಕ್ಕ ಯಾಕೆ ಹಾಕ್ತಾನೆ? ಈ ಹುಡುಗಿ ಚೀಟೀಲಿ ಕುದುರೆ ಅದೆ. ಕವರಲ್ಲಿ ಇಲ್ದಿದ್ದು ಇವ್ಳ ಚೀಟೀಲದೆ ಅಂದ್ರೆ, ಅದು ಇವ್ಳ ತಲೆಯಿಂದ್ಲೇ ಬಂದದ್ದು."

"ಬೀರು ಕೀಲಿ ನನ್ಹತ್ರ ಇತ್ತಾ?" ದಿಲೀಪನ ದನಿ ಏರಿತು.

ಪಾರ್ವತಮ್ಮ ಬಾಗಿಲ ಕಡೆ ತಿರುಗಿದಳು. "ದ್ಯಾವಯ್ಯ, ಯಾರೂ ಏನೂ ತಗೊಂಡಿಲ್ಲ ಅಂದೆ. ಯಾರಾದ್ರೂ ಏನಾದ್ರೂ ಇಡಕ್ಕೆ ಬಂದಿದ್ರಾ?"

"ಬಂದಿದ್ರಲ್ಲ ಕಣವ್ವ, ದಿಲೀಪ್ ಸಾರು. ಏಳು ಗಂಟೇಲಿ ಗಡಿಯಾರದ ಡಬ್ಬ ತಂದ್ರು. ಬೀಗ ತೆಗ್ದುಕೊಟ್ಟು ನಾನು ಅವ್ರಿಗೇ ಟೀ ತರಕ್ಕೋದೆ." ದ್ಯಾವಯ್ಯ ಹಣೆ ಚಚ್ಚಿಕೊಂಡ. "ನೀವು ತಗೊಂಡೋರ್ನ ಕೇಳಿದ್ರಿ. ಇಟ್ಟೋರ್ನ ಕೇಳ್ಲಿಲ್ಲ!"

ದಿಲೀಪ್ ಹತ್ತಿರದ ಕುರ್ಚಿಯಲ್ಲಿ ಕುಸಿದ. "ಮೂರು ವರ್ಷದಿಂದ ನಾನೇ ನಾಯಕ. ಸೋತರೆ ತರಗತಿಗೆ ಯಾರು ಬರ್ತಾರೆ? ಅನುಮಾನ ಬರಬಾರದು ಅಂತ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ಇವಳು ಎದ್ದುಬಿಟ್ಟಳು."

"ಅದ್ಕೆ ನನ್ನ ಕಡೆ ಕೈ ತೋರಿಸ್ದ್ಯಾ?" ಎಂದಳು ಸ್ನೇಹ.

ಪಾರ್ವತಮ್ಮ ಕವರನ್ನೂ ಎರಡು ಚೀಟಿಗಳನ್ನೂ ಒಂದು ಕಡತದಲ್ಲಿಟ್ಟಳು. "ಠಾಣೆಗೆ ಬನ್ನಿ ಸಾರ್. ಹೇಳಿಕೆ ಅಲ್ಲೇ ಬರೆಯೋಣ."

* * *

ಜನ ಗುಜುಗುಜು ಎನ್ನುತ್ತಾ ಊಟದ ಕಡೆ ಹೊರಟರು. ದೇವರಾಜು ಸಹಿಗೆಂದು ಇಟ್ಟ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿ, ಸ್ನೇಹಳ ಹತ್ತಿರ ಬಂದು ಹಲ್ಲು ಕಿರಿದ.

"ಆಗಿದ್ದಾಯ್ತು ಬುಡವ್ವ. ನೀನೇ ನಾಯಕಿ. ಬಾ, ಊಟ ಮಾಡು. ಒಬ್ಬಟ್ಟು ಮಾಡ್ಸಿವ್ನಿ."

ಸ್ನೇಹ ಕೂತಲ್ಲಿಂದ ಏಳಲಿಲ್ಲ. "ಮೋಸಗಾತಿ ಅಂತ ಮೈಕಲ್ಲಿ ಅಂದ್ರಿ. ಅಲ್ಲ ಅಂತ ಕಿವೀಲಿ ಹೇಳ್ತೀರಾ?"

"ಈಗ್ಯಾಕವ್ವ ಅದು? ಎಲ್ಲಾರ್ಗೂ ಗೊತ್ತಾಯ್ತಲ್ಲ."

"ಒಳಗಿದ್ದೋರಿಗೆ ಗೊತ್ತಾಯ್ತು. ನಿಮ್ಮ ಮೈಕು ರಸ್ತೆಗೂ ಕೇಳ್ಸಿತ್ತು."

ದೇವರಾಜು ಪಾರ್ವತಮ್ಮನ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಚಿಕ್ಕಸಿದ್ದಯ್ಯನವರ ಮುಖ ನೋಡಿದ.

"ನಡೆ ನಿಂದೇ ಕಣ್ಲಾ ದೇವರಾಜ," ಎಂದರು ಮುದುಕರು. "ಆಡು."

ಅವನು ವೇದಿಕೆ ಹತ್ತಿ ಮೈಕು ತಟ್ಟಿದ. ಸದ್ದಿಲ್ಲ. ಇನ್ನೊಮ್ಮೆ ತಟ್ಟಿದ. ಮೇಲೆ ಫ್ಯಾನುಗಳು ಒಂದೊಂದಾಗಿ ನಿಧಾನವಾಗುತ್ತಿದ್ದವು, ಕರೆಂಟು ಹೋಗಿತ್ತು. ಸ್ನೇಹ ಕೈ ಕಟ್ಟಿಕೊಂಡು ಕಾಯುತ್ತಲೇ ಇದ್ದಳು. ದೇವರಾಜು ಮೈಕು ಕೆಳಗಿಟ್ಟು, ವೇದಿಕೆ ಇಳಿದು, ಭವನದ ಮುಂಬಾಗಿಲ ಮೆಟ್ಟಿಲ ಮೇಲೆ ಹೋಗಿ ನಿಂತ. ಎರಡೂ ಅಂಗೈಯನ್ನು ಬಾಯಿಗೆ ಒಡ್ಡಿ, ರಸ್ತೆಯ ಕಡೆಗೆ, ಗಂಟಲು ಹರಿಯುವಂತೆ ಅವಳ ಹೆಸರು ಕೂಗಿ, ಅವಳು ಮೋಸ ಮಾಡಿಲ್ಲ ಎಂದ. ಎದುರಿನ ಟೀ ಅಂಗಡಿಯಲ್ಲಿ ಲೋಟ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು.